ಎಡಕ್ಕೆ ತಿರುಗಿದ ಪರದೆ

ಕಳೆದ ವಾರ ಘಾಜಿಯಾಬಾದಿನ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದೆ. ಅಳುವುದೊಂದು ಬಾಕಿ. ಹನ್ನೊಂದಕ್ಕೆ ಅಲ್ಲಿನ ಕಾಲೇಜೊಂದರಲ್ಲಿ ಉಪನ್ಯಾಸಕಿ ಹುದ್ದೆಗೆ ಸಂದರ್ಶನ. ಎದುರಿಗೆ ರಸ್ತೆಯನ್ನೇ ಅಗೆದು ಹಾಕಿದ್ದಾರೆ. ನನ್ನ ಜಿಪಿಎಸ್‌ಗೆ ಅದು ಗೊತ್ತಿಲ್ಲ. ಗುಂಡಿಯೊಳಗೇ ನೇರ ಹೋಗು ಎನ್ನುತ್ತಿದೆ, ಬಹಳ ಸೌಜನ್ಯದಿಂದ, ಇಂಗ್ಲಿಷಿನಲ್ಲಿ.

ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಿ. (ಕಿಟಕಿ ಇಳಿಸಿ ಗುರುತಿಲ್ಲದವರನ್ನು ‘ಭಯ್ಯಾ’ ಎಂದು ಕರೆಯುವುದನ್ನು ತಪ್ಪಿಸಿಕೊಳ್ಳಲೆಂದೇ ಈ ಯಂತ್ರ ಕೊಂಡವಳು ನಾನು.) ಆದರೂ ಕೇಳಿದೆ. ಮೂವರು ಮೂರು ದಿಕ್ಕು ತೋರಿಸಿದರು.

ಈ ಯಂತ್ರವನ್ನು ನೋಡದವರಿಗೆ ಹೇಳುತ್ತೇನೆ. ಅಂಗೈಯಗಲದ ಪರದೆ, ಅದರ ಹಿಂದೊಂದು ಬಗ್ಗುವ ತೋಳು, ತೋಳಿನ ತುದಿಯಲ್ಲಿ ಕಾರಿನ ಮುಂದಿನ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು. ಬಟನ್‌ಗಳಿಲ್ಲ, ಎಲ್ಲವೂ ಟಚ್‌ಸ್ಕ್ರೀನ್. ಟಚ್ ಎಂದರೆ ಬರೀ ಮುಟ್ಟಿದರೆ ಸಾಲದು, ಪರದೆ ಕೊಂಚ ತಗ್ಗುವಷ್ಟು ಒತ್ತಬೇಕು. ಶುರು ಮಾಡಿದಾಗಲೆಲ್ಲ ಒಂದು ಎಚ್ಚರಿಕೆ ಬರುತ್ತದೆ: ಓಡಿಸುವವರು ಮುಟ್ಟಬಾರದು, ಪಕ್ಕದಲ್ಲಿರುವವರು ಮುಟ್ಟಲಿ. ಒಪ್ಪಿಗೆಯಿದ್ದರೆ ‘ಓಕೆ’ ಒತ್ತಿ. ದಿನಾ ಒಪ್ಪುತ್ತೇನೆ. ಪಕ್ಕದಲ್ಲಿ ಯಾರಿದ್ದಾರೆ?

ಮೊದಲು ವಿಮಲಾ ಇದ್ದಳು. ಸಹೋದ್ಯೋಗಿ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ನಾನು ಮಯೂರ್ ವಿಹಾರ್‌ನ ಮನೆಯಿಂದ ಗುರಗಾಂವ್‌ನ ಆಫೀಸಿಗೆ ಹೋಗುವಾಗ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಮುಂದೆ ಹತ್ತುತ್ತಿದ್ದಳು. ಹತ್ತಿದ ತಕ್ಷಣ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಉಗುರಿನಿಂದ ಟಕಟಕ ಒತ್ತುತ್ತಿದ್ದಳು. ನಾನು ಒತ್ತಿದರೆ ಅದು ಮಿಸುಕುತ್ತಲೇ ಇರಲಿಲ್ಲ. “ಜೋರಾಗಿ ಒತ್ತು ಯಾರ್, ಸಾರಿ ಕೇಳೋ ಹಾಗೆ ಮುಟ್ತೀಯಲ್ಲ” ಎಂದು ನಗುತ್ತಿದ್ದಳು.

ಅವಳ ಅಪ್ಪ ಈ ವರ್ಷ ನಿವೃತ್ತರಾದರು. ಕ್ವಾರ್ಟರ್ಸ್ ಖಾಲಿಯಾಯಿತು. ಮನೆಮಂದಿಯೆಲ್ಲ ಮೈಸೂರಿಗೆ ಹೊರಟರು, ಅವಳೂ. ಅಂದಿನಿಂದ ಗುರಗಾಂವ್ ದಾರಿ ಉದ್ದವಾಗಿಬಿಟ್ಟಿದೆ. ಮನೆಗೆ ಹತ್ತಿರದ ಘಾಜಿಯಾಬಾದಿನ ಕೆಲಸ ನನಗೆ ಬೇಕಿದ್ದದ್ದು ಅದಕ್ಕೇ.

ಬದಲಿ ದಾರಿ ಹುಡುಕಲು ಏನನ್ನು ಒತ್ತಬೇಕು? ನಾನು ಕಲಿತೇ ಇರಲಿಲ್ಲ. ಮೈಸೂರಿಗೆ ಫೋನ್ ಮಾಡಿದೆ. ತಿಂಗಳುಗಳ ನಂತರದ ಕರೆ, ಹೇಗಿದ್ದೀಯ ಎಂದಾದರೂ ಕೇಳಬೇಕಿತ್ತು. ನೇರವಾಗಿ ದಾರಿಯ ವಿಷಯಕ್ಕೇ ಬಂದೆ. ಅವಳಿಗೂ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಪರದೆಯ ಮೇಲೆ ಏನಿದೆ ಎಂದು ಕೇಳಿದಳು. ಬಿಸಿಲು, ಸರಿಯಾಗಿ ಕಾಣುತ್ತಿಲ್ಲ ಎಂದೆ.

“ಬಿಸಿಲಲ್ಲ. ಇನ್ನೂ ನನ್ನ ಸೀಟಿನ ಕಡೆಗೇ ಇದೆಯಾ ಅದು?”

ನೋಡಿದೆ. ಖಾಲಿ ಸೀಟಿನ ಕಡೆಗೇ ಇತ್ತು. ಹೂಂ ಎಂದೆ.

“ಪಾಗಲ್,” ಎಂದಳು ಮೆಲ್ಲಗೆ. “ನಿನ್ನ ಕಡೆ ತಿರುಗಿಸಿಕೊಳ್ಳೇ.”

ತೋಳಿನ ಕೀಲು ಬಿಗಿದುಕೊಂಡಿತ್ತು. ಎರಡೂ ಕೈ ಹಾಕಿ ತಿರುಗಿಸಬೇಕಾಯಿತು. ಕೆಳಗಿನ ಬಲ ಮೂಲೆ, ಆಮೇಲೆ ಮೂರನೆಯ ಚಿತ್ರ. ಅಷ್ಟು ದೂರದಲ್ಲಿ ಕೂತು ಎದುರಿಗೇ ಇದ್ದಂತೆ ಹೇಳಿದಳು. ಒತ್ತಿದೆ. ಹೊಸ ದಾರಿ ಮೂಡಿತು. ಥ್ಯಾಂಕ್ಸ್ ಎನ್ನುವಷ್ಟರಲ್ಲಿ ಅವಳ ಮನೆಗೆ ಯಾರೋ ಬಂದರು. ಚಲೋ, ಆಮೇಲೆ ಮಾತಾಡೋಣ ಎಂದು ಇಟ್ಟುಬಿಟ್ಟಳು. (ಆಮೇಲೆ ಎಂದರೆ ಯಾವಾಗ ಎಂದು ಸ್ನೇಹಿತರನ್ನು ಕೇಳಬಾರದು.)

ಸಮಯಕ್ಕೆ ತಲುಪಿದೆ. ಕಾಲೇಜಿನ ಕಾರಿಡಾರ್‌ನಲ್ಲಿ ಸಂದರ್ಶನಕ್ಕೆ ಬಂದ ಒಬ್ಬೊಬ್ಬಳ ಜೊತೆಗೂ ಒಬ್ಬ ಅಪ್ಪ, ಅಣ್ಣ, ಇಲ್ಲವೇ ಗಂಡ. ಕೈಯಲ್ಲಿ ನೀರಿನ ಬಾಟಲಿ. ಒಳಗೆ ಹಿರಿಯರೊಬ್ಬರು ನನ್ನ ಸಂಶೋಧನೆಯ ಬಗ್ಗೆ ಕೇಳುವುದನ್ನೆಲ್ಲ ಕೇಳಿದರು. ನಾನೂ ಚೆನ್ನಾಗಿಯೇ ಉತ್ತರಿಸಿದೆ. ಕೊನೆಗೆ ಅವರು ಕನ್ನಡಕ ತೆಗೆದು, ಒಬ್ಬಳೇ ಬಂದೆಯಾ ಮಗಳೇ ಎಂದು ಹಿಂದಿಯಲ್ಲಿ ವಿಚಾರಿಸಿದರು.

ಹೌದೆಂದೆ. ಅವರು ‘ಅಚ್ಛಾ’ ಎಂದು ತಲೆಯಾಡಿಸಿ, ಮುಂದಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡರು.

ನೀವೇ ಹೇಳಿ, ಅದು ಕೊಟ್ಟ ಅಂಕವೋ, ಕಳೆದ ಅಂಕವೋ?