ಒಂದೆಲಗದ ತೊಟ್ಟಿ

ದೇವರ ದೀಪ ಹಚ್ಚಿದ ಕೂಡಲೇ ವಾರಿಜಮ್ಮ ಗಂಡನ ಕೈಹಿಡಿದು ಹಿತ್ತಲಿನ ಕಲ್ಲುತೊಟ್ಟಿಯ ಪಕ್ಕ ಕೂರಿಸುವರು. ಮಳೆಯಿರಲಿ, ಮೈಯಲ್ಲಿ ಜ್ವರವಿರಲಿ, ತಪ್ಪಿಸುವವರಲ್ಲ. ತೊಟ್ಟಿಯ ತುಂಬ ಒಂದೆಲಗ. ಸೇತುರಾಮಯ್ಯನವರು ಬಳ್ಳಿ ಅಲುಗದ ಹಾಗೆ ಒಂದೊಂದೇ ಎಲೆ ಚಿವುಟಿ ಬಟ್ಟಲು ತುಂಬಿಸುವರು. ಜೀರಿಗೆ, ಮೆಣಸು, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಅದು ಪೂರ್ತಿ ಅವರಿಗೇ.

ತ್ಯಾಗರಾಜನಗರದ ಆ ಬೀದಿಗೆಲ್ಲ ಗೊತ್ತಿತ್ತು, ಸೇತುರಾಮಯ್ಯನವರಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ ಇಟ್ಟ ಜಾಗ ಮರೆಯಿತು, ಆಮೇಲೆ ಕೆಲಸ ಮಾಡಿದ ಆಫೀಸು, ಆಮೇಲೆ ಮನೆಯ ದಾರಿ. ಇನ್ನು ತನ್ನನ್ನೂ ಮರೆತುಬಿಟ್ಟರೆ? ವಾರಿಜಮ್ಮನಿಗೆ ಆ ಭಯವೊಂದೇ.

ತಂಗಿಯ ಮಗಳು ವಿಭಾ ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದಳು. "ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ ದೊಡ್ಡಮ್ಮ, ಮೆದುಳಿಗೂ ಹಂಗೇ ಒಂಥರಾ ತುಕ್ಕು. ಅದನ್ನ ತಡೆಯೋ ಆಂಟಿಆಕ್ಸಿಡೆಂಟ್ ಈ ಎಲೇಲಿದೆ ಅಂತಾರೆ. ಇಲಿಗಳಲ್ಲಿ ನೋಡಿದ್ದಾರೆ, ಮನುಷ್ಯರ ವಿಷಯದಲ್ಲಿ ಇನ್ನೂ ಗ್ಯಾರಂಟಿ ಇಲ್ಲ. ದಿನಾ ಸೊಪ್ಪು ತಿಂದು ದೊಡ್ಡಪ್ಪ 'ಅಂಬಾ' ಅನ್ನದಿದ್ರೆ ಸಾಕು!"

"ಅಂದ್ರೂ ಚಿಂತೆಯಿಲ್ಲ, 'ವಾರಿಜಾ' ಅಂತ ಕರೆದ್ರೆ ಸಾಕು," ಅಂದಿದ್ದರು ವಾರಿಜಮ್ಮ.

ಒಂದೇ ಒಂದು ಸಲ ಕ್ರಮ ತಪ್ಪಿತು. ವರಮಹಾಲಕ್ಷ್ಮಿ ಹಬ್ಬ. ಮಡಿಯುಟ್ಟಿದ್ದರಿಂದ ಗಂಡನನ್ನು ಮುಟ್ಟುವಂತಿಲ್ಲವೆಂದು ತಾವೇ ಎಲೆ ಕಿತ್ತುಕೊಂಡರು. ಕಳಶ ಇಟ್ಟು ತಿರುಗಿ ನೋಡಿದರೆ ಗೇಟು ತೆರೆದಿದೆ, ಮನೆಯವರಿಲ್ಲ!

ಮಡಿ ಮೈಲಿಗೆ ಎಲ್ಲ ಮರೆತು ಓಡಿದರು. ಪಾರ್ಕಿನ ಮೂಲೆಯಲ್ಲಿ ಸೇತುರಾಮಯ್ಯ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ನಡುವಿನ ಯಾವುದೋ ಕಳೆ ಚಿವುಟಿ ಪಂಚೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು.

"ಸ್ವಲ್ಪ ಜರುಗಿ ಮೇಡಂ, ಎಲೆ ತುಳೀತಿದ್ದೀರ."

ಮೇಡಂ! ವಾರಿಜಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಹೇಗೋ ಕೇಳಿದರು, "ಯಾರಿಗೆ ಇದೆಲ್ಲ?"

"ನಮ್ಮ ವಾರಿಜಂಗೆ. ಪಾಪ, ಅವಳಿಗೆ ಮರೆವು. ದಿನಾ ನಾನು ಕಿತ್ತುಕೊಟ್ರೇನೇ ತಂಬುಳಿ ಮಾಡ್ಕೊಂಡು ತಿನ್ನೋದು. ಅವಳು ನನ್ನ ಮರೆತುಬಿಟ್ರೆ ನನಗಿನ್ನ್ಯಾರಿದ್ದಾರೆ ಹೇಳಿ?"

ಗರ್ಭಗುಡಿಯ ಮಂಗಳಾರತಿಯ ಮುಂದೆ ನಿಂತವರ ಹಾಗೆ ವಾರಿಜಮ್ಮ ನಿಂತುಬಿಟ್ಟರು. ಮುಖ ಮರೆತ ಆ ತಲೆಯೊಳಗೆ ಯಾವ ಮೂಲೆಯಲ್ಲಿ ಕೂತಿದ್ದೇನೆ ನಾನು? ಕೈಗಳು ತಾವಾಗಿ ಮುಗಿದವು. ಆಮೇಲೆ ಪಕ್ಕದಲ್ಲಿ ಕೂತು ತಾವೂ ಕಳೆ ಕಿತ್ತರು.

ಮಾರನೇ ದಿನದಿಂದ ತಂಬುಳಿ ಎರಡು ತಟ್ಟೆಗೂ ಬಿತ್ತು.

ದೀಪಾವಳಿಗೆ ಬಂದ ವಿಭಾ ಒಂದು ಡಬ್ಬಿ ಕೊಟ್ಟಳು. "ಒಂದೆಲಗದ ಸಾರದ ಕ್ಯಾಪ್ಸೂಲ್, ದೊಡ್ಡಮ್ಮ. ಪ್ರತಿ ತಿಂಗಳೂ ನಾನೇ ತಂದುಕೊಡ್ತೀನಿ. ಕೀಳೋದೂ ಬೇಡ, ರುಬ್ಬೋದೂ ಬೇಡ."

ವಾರಿಜಮ್ಮ ಹಿತ್ತಲ ಕಡೆ ನೋಡಿದರು. ತೊಟ್ಟಿಯ ಪಕ್ಕ ಬಗ್ಗಿದ ಬೆನ್ನು ಕಾಣುತ್ತಿತ್ತು.

"ಬೇಡ ಕಣಮ್ಮ," ಡಬ್ಬಿ ಅವಳ ಕೈಗೇ ಇಟ್ಟರು. "ನನಗೆ ಎಲೆ ಕಿತ್ತುಕೊಡೋರು ಇದ್ದಾರೆ."