ನಿನ್ನೆಯ ದರ ಒಲ್ಲೆಂದ ರೇಟಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿನ್ನದಂಗಡಿಯ ಮುಂದೆ ಕಾಲು ಕುಂಟುವ ಒಂದು ಸ್ಟೂಲು, ಅದರ ಮೇಲೆ ಸೊಂಟಕ್ಕೆ ಒರೆಸುವ ಬಟ್ಟೆ ಸಿಕ್ಕಿಸಿಕೊಂಡ ರೇಟಮ್ಮ. ಬಾಗಿಲ ಪಕ್ಕದ ಚಿನ್ನದ ದರದ ಬೋರ್ಡಿನಿಂದ ನಿನ್ನೆಯ ಅಂಕಿಗಳನ್ನು ಕಳಚಿ ಇವತ್ತಿನದನ್ನು ಸಿಕ್ಕಿಸುತ್ತಾರೆ. ಒಂಬತ್ತರ ತಗಡು ಸೊಟ್ಟಗಾಗಿದೆ. ಅಂಗೈಯಿಂದ ಎರಡೇಟು ಕೊಟ್ಟು ನೆಟ್ಟಗೆ ಮಾಡುತ್ತಾರೆ. ಹಾಲಿನ ಕ್ಯಾನಿನ ಸೈಕಲ್ಲಿನವನು ಕತ್ತೆತ್ತಿ ನೋಡಿ, ಇವತ್ತೂ ಏರಿಸಿಬಿಟ್ರಾ ಎಂದು ಗೊಣಗಿಕೊಂಡೇ ಹೋಗುತ್ತಾನೆ. ರೇಟಮ್ಮ ಎಂದು ಹೆಸರಿಟ್ಟು, ಚಿನ್ನದ ಬೆಲೆಗೆ ಊರಿಗೆ ಊರೇ ಈಕೆಯನ್ನು ಹೊಣೆ ಮಾಡಿದೆ. ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ ಎಂದು ರೇಟಮ್ಮ ನಗುತ್ತಾರೆ.

ಇಪ್ಪತ್ತೇಳು ವರ್ಷದಿಂದ ಈ ಅಂಗಡಿಯ ಕಸ ಗುಡಿಸಿ, ಗಾಜು ಒರೆಸುತ್ತಿದ್ದಾರೆ. ಬೋರ್ಡು ಆ ಕೆಲಸಕ್ಕೆ ಅಂಟಿಕೊಂಡು ಬಂದದ್ದು. ಗಂಡ ತೀರಿಕೊಂಡಾಗ ಮಗಳಿನ್ನೂ ಪುಟ್ಟವಳು. ಪಿಂಚಣಿ ಇಲ್ಲದ ಕೆಲಸ. ಮೈಯ ಕಸುವು ಹೋದ ಮೇಲೆ ಮಗಳ ಮುಂದೆ ಕೈ ಚಾಚಬಾರದು ಎಂಬುದೊಂದೇ ಹಟ. ಹೊಟ್ಟೆ ಬಟ್ಟೆ ಕಟ್ಟಿ ವರ್ಷಕ್ಕೊಂದು ಪುಟ್ಟ ಚಿನ್ನದ ನಾಣ್ಯ ಕೊಳ್ಳುತ್ತ ಬಂದರು.

ಚಿನ್ನದ ಮರ್ಮ ಕಲಿಸಿದವರು ಅಂಗಡಿಯ ಯಜಮಾನರು. ಕೇಂದ್ರ ಬ್ಯಾಂಕು ಬಡ್ಡಿದರ ಸಾರುವ ದಿನ ಅವರು ಊಟ ಬಿಟ್ಟು ರೇಡಿಯೋಗೆ ಕಿವಿ ಹಚ್ಚುತ್ತಾರೆ. ರೇಟಮ್ಮನ ಬಾಯಲ್ಲಿ ಆ ಪಾಠ ಸಲೀಸು: "ಚಿನ್ನ ಪೆಟ್ಟಿಗೇಲಿ ಸುಮ್ನೆ ಮಲಗಿರುತ್ತೆ, ಅದಕ್ಕೆ ಬಡ್ಡಿ ಹುಟ್ಟಲ್ಲ. ಬ್ಯಾಂಕಲ್ಲಿ ಬಡ್ಡಿ ಏರಿದ್ರೆ ಜನ ದುಡ್ಡು ತಗೊಂಡು ಆ ಕಡೆ ಹೋಗ್ತಾರೆ, ಇಲ್ಲಿ ರೇಟು ಇಳಿಯುತ್ತೆ. ಅಲ್ಲಿ ಇಳಿದ್ರೆ ಮತ್ತೆ ಚಿನ್ನ ನೆನಪಾಗುತ್ತೆ. ಯಾವಾಗ್ಲೂ ಹೀಗೇ ಅಂತಲ್ಲ, ಎಲ್ಲೋ ಯುದ್ಧ ಗಿದ್ಧ ಆದ್ರೆ ಲೆಕ್ಕ ತಲೆಕೆಳಗು."

ಹೋದ ವರ್ಷ ಮಂಡಿ ಕೈಕೊಟ್ಟಿತು. ಅರ್ಧ ದಿನಕ್ಕಿಂತ ಹೆಚ್ಚು ನಿಲ್ಲಬೇಡಿ ಎಂದರು ಡಾಕ್ಟರು. ಅರ್ಧ ದಿನಕ್ಕೆ ಅರ್ಧ ಸಂಬಳ. ಮಾತ್ರೆಯ ಖರ್ಚು ಆಗಲೇ ಮಗಳ ತಲೆಗೆ ಬಿದ್ದಿತ್ತು. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂಬುದು ರೇಟಮ್ಮನಿಗೆ ಗೊತ್ತು. ಕೂಡಿಟ್ಟ ನಾಣ್ಯಗಳಲ್ಲಿ ಅರ್ಧದಷ್ಟು ಮಾರಿ ಬ್ಯಾಂಕಿನಲ್ಲಿ ಠೇವಣಿ ಇಡುವುದು, ಉಳಿದರ್ಧ ನಾಣ್ಯ ಬಡ್ಡಿ ಇಳಿದು ಚಿನ್ನ ಏರುವ ಕಾಲಕ್ಕೆ ಇರಲಿ ಎಂದು ಲೆಕ್ಕ ಹಾಕಿದರು. ಕರವಸ್ತ್ರದಲ್ಲಿ ನಾಣ್ಯ ಕಟ್ಟಿ ತಂದ ದಿನವೇ ಗ್ರಹಚಾರ. ಹಿಂದಿನ ಸಂಜೆ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತ್ತು, ಬೆಳಗಾಗುವುದರಲ್ಲಿ ಚಿನ್ನ ದಬಕ್ಕನೆ ಇಳಿದಿತ್ತು. ಅವರ ಪಾಲಿನ ನಷ್ಟ ಎರಡು ತಿಂಗಳ ಮನೆ ಬಾಡಿಗೆಯಷ್ಟು.

ಯಜಮಾನರು ಕರವಸ್ತ್ರದ ಗಂಟು ನೋಡಿದರು. ಬೋರ್ಡು ಆಮೇಲೆ ಬದಲಾಯಿಸಮ್ಮ, ಮೊದಲು ನಿನ್ನ ನಾಣ್ಯವನ್ನು ನಿನ್ನೆಯ ದರಕ್ಕೇ ತೆಗೆದುಕೊಳ್ಳುತ್ತೇನೆ ಎಂದರು. ಹೊರಗೆ ಮೆಟ್ಟಿಲ ಮೇಲೆ ತನ್ನ ಚಿನ್ನದ ಬಳೆ ಮಾರಲು ಬಂದ ಹೆಂಗಸೊಬ್ಬಳು ಕಾದು ಕೂತಿದ್ದಳು. ರೇಟಮ್ಮ ಸ್ಟೂಲು ಎತ್ತಿಕೊಂಡು ಹೊರಗೆ ಹೋಗಿ ಹೊಸ ಅಂಕಿ ಸಿಕ್ಕಿಸಿದರು. ಒಳಗೆ ಬಂದು ಆ ಹೆಂಗಸಿನ ಹಿಂದೆ ನಿಂತು, ಅದೇ ದರಕ್ಕೆ ಮಾರಿದರು.

"ಆಕೆಗೊಂದು ರೇಟು, ನಂಗೊಂದು ರೇಟಾ?" ಎನ್ನುತ್ತಾರೆ. "ಬೈದೋರಿಗೆಲ್ಲ ರೇಟು ಮಾಡೋಳು ನಾನಲ್ಲ ಅಂತಿದ್ದೆ. ಅವತ್ತು ಹೂಂ ಅಂದಿದ್ರೆ ನಾನೇ ಮಾಡಿದ ಹಾಗಾಗ್ತಿತ್ತು."

ಇಂಥವರ ಎದುರು ಕೂತು ಚಹಾ ಕುಡಿದದ್ದೇ ಇದನ್ನು ಬರೆಯುತ್ತಿರುವ ನನಗೆ ಹೆಮ್ಮೆ. ಬಟ್ಟೆ ಹೊಲಿಯುವ ಮಗಳಿಗೆ ಮಾತ್ರ ಆಗ ಸಿಟ್ಟು ಬಂದಿತ್ತು. ಕೈಗೆ ಬಂದದ್ದನ್ನು ಬಿಟ್ಟೆಯಲ್ಲ ಎಂದು ಎರಡು ದಿನ ಮಾತು ಬಿಟ್ಟಳು. ಆದರೆ ಚಿನ್ನ ಇಳಿಸಿದ ಬಡ್ಡಿಯೇ ಠೇವಣಿಯನ್ನು ಕೊಬ್ಬಿಸಿತು. ಅಂದುಕೊಂಡದ್ದಕ್ಕಿಂತ ಹೆಚ್ಚೇ ತಿಂಗಳಿಗೆ ಬರುತ್ತಿದೆ. ಈಗ ರೇಟಮ್ಮ ಬೆಳಿಗ್ಗೆ ಮಾತ್ರ ಕೆಲಸಕ್ಕೆ ಬಂದು ಮಧ್ಯಾಹ್ನ ಮನೆಗೆ ಹೋಗುತ್ತಾರೆ.

ಮೊದಲ ಬಡ್ಡಿ ಬಂದ ದಿನ ತಾಯಿ ಮಗಳು ಔಷಧಿ ಅಂಗಡಿಗೆ ಹೋದರು. ಮಗಳು ಎಂದಿನಂತೆ ಪರ್ಸು ತೆಗೆದಳು. ರೇಟಮ್ಮ ಅವಳ ಕೈ ತಡೆದರು.

"ಒಳಗಿಡು ಮಗಳೇ. ಇನ್ಮೇಲೆ ನನ್ನ ಮಾತ್ರೆ ನಾನೇ ತಗೋತೀನಿ."