ಹೊಳೆಯ ನಡುವೆ ಬಿಟ್ಟ ಕೈ

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಬರುತ್ತೇನೆಂದು ನನ್ನ ಅತ್ತೆ ಹರಕೆ ಹೊತ್ತದ್ದು ನನ್ನ ಗಂಡನಿಗೆ ಆಪರೇಷನ್ ಆದ ವರ್ಷ. ಅತ್ತೆಗೆ ಅರವತ್ತೇಳು ದಾಟಿತ್ತು. ಒಬ್ಬರನ್ನೇ ಕಳಿಸುವಂತಿರಲಿಲ್ಲ, ಗಂಡ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ಹಾಗಾಗಿ ನಾನು ಗುಮಾಸ್ತೆಯಾಗಿದ್ದ ಶಾಲೆಗೆ ಒಂದು ವಾರ ರಜೆ ಹಾಕಿ ಜೊತೆಗೆ ಹೊರಟೆ. ಕೆರಗೋಡಿನ ಪಕ್ಕದ ನಮ್ಮೂರಿನಿಂದ ಇಪ್ಪತ್ತು ಜನ ಇದ್ದೆವು.

ನಡೆಯಲು ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಹೊಳೆಯದು. ಮಳವಳ್ಳಿ, ಹಲಗೂರು ಕಳೆದು ಕಾಡು ಹೊಕ್ಕ ಮೇಲೆ ಕಾವೇರಿಯನ್ನು ನೀರಿಗಿಳಿದೇ ದಾಟಬೇಕು. ನಾನು ಹುಟ್ಟಿದ್ದು ಕೊತ್ತತ್ತಿಯಲ್ಲಿ. ಎಂಟು ವರ್ಷದವಳಿದ್ದಾಗ ಬಟ್ಟೆ ಒಗೆಯುತ್ತಿದ್ದ ನನ್ನ ಚಿಕ್ಕಮ್ಮ ನಾಲೆಗೆ ಜಾರಿದ್ದನ್ನು ದಡದಲ್ಲಿ ನಿಂತು ನೋಡಿದ್ದೆ. ಅವರು ಕೂಗಲಿಲ್ಲ. ನನ್ನನ್ನೇ ನೋಡುತ್ತ ಹೋದರು. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಈಗಲೂ ಬಸ್ಸು ನಾಲೆಯ ಏರಿಯ ಮೇಲೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅತ್ತೆಗೆ ಇದನ್ನು ಹೇಳಿರಲಿಲ್ಲ.

ಮದ್ದೂರು, ಮಳವಳ್ಳಿ, ಹಲಗೂರಿನಲ್ಲಿ ಒಂದೊಂದು ರಾತ್ರಿ ತಂಗಿದೆವು. ದಾರಿಯುದ್ದಕ್ಕೂ ಜನ ಮಜ್ಜಿಗೆ ಕೊಟ್ಟರು, ರೈಸ್‌ಬಾತ್ ಬಡಿಸಿದರು. ನಾನು ಮಾತ್ರ ಸಿಕ್ಕಸಿಕ್ಕವರನ್ನು ಹೊಳೆ ಎಷ್ಟು ಆಳ ಎಂದು ಕೇಳುತ್ತಿದ್ದೆ. ಮಳವಳ್ಳಿಯ ಟೀ ಅಂಗಡಿಯವನು, "ಮ್ಯಾಗ್ಲಿಂದ ನೀರು ಬುಟ್ಟವ್ರಂತೆ. ಈ ಸಲ ಎದೆಗಂಟ ಬತ್ತದೆ," ಎಂದ. ಆಮೇಲೆ ನನಗೆ ಊಟ ಸೇರಲಿಲ್ಲ. ವಾಪಸು ಹೋಗೋಣವೆಂದು ಹೇಳಲು ಎರಡು ಸಲ ಬಾಯಿ ತೆರೆದೆ. ಅತ್ತೆ ಹರಕೆಯ ಹಣ್ಣುಕಾಯಿಯ ಚೀಲವನ್ನು ಎದೆಗೆ ಅಪ್ಪಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಹೊಳೆ ಸಿಕ್ಕಿತು. ಅಡ್ಡಲಾಗಿ ಒಂದು ಹಗ್ಗ ಕಟ್ಟಿದ್ದರು. ಜನ "ಉಘೇ ಮಾದಪ್ಪ" ಎನ್ನುತ್ತ ಗಂಟುಮೂಟೆ ತಲೆಯ ಮೇಲಿಟ್ಟುಕೊಂಡು ಇಳಿಯುತ್ತಿದ್ದರು. ಅತ್ತೆ ಚೀಲವನ್ನು ನಮ್ಮೂರಿನವರೊಬ್ಬರಿಗೆ ಕೊಟ್ಟು ನನ್ನ ಎಡಗೈ ಹಿಡಿದರು. ನನ್ನ ಬಲಗೈಯಲ್ಲಿ ಹಗ್ಗ. ನೀರು ಸೊಂಟಕ್ಕೆ ಬಂತು. ಕಾಲ ಕೆಳಗೆ ಪಾಚಿಗಲ್ಲು. ಸೀರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತಿತ್ತು. ನಡುಹೊಳೆಯಲ್ಲಿ ಅತ್ತೆ ಕಾಲು ಜಾರಿ ಅವರ ಭಾರವೆಲ್ಲ ನನ್ನ ತೋಳಿನ ಮೇಲೆ ಬಿತ್ತು. ನಾನು ಅವರ ಕೈಯಿಂದ ನನ್ನ ಬೆರಳು ಕಿತ್ತುಕೊಂಡೆ. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡೆ.

ಅವರು ತೇಲಿಕೊಂಡು ಹೋಗುವುದು ಕಂಡಿತು. ಬಿಳಿಯ ತಲೆ ಒಮ್ಮೆ ಮುಳುಗಿ ಎದ್ದಿತು. ನಾಲ್ಕು ಮಾರು ಕೆಳಗೆ ನಿಂತಿದ್ದ ಮದ್ದೂರಿನ ಕಡೆಯ ಒಬ್ಬ ಗಂಡಸು ಅವರ ರಟ್ಟೆಗೆ ಕೈ ಹಾಕಿ ಹಿಡಿದುಕೊಂಡ.

ಆಚೆ ದಡದಲ್ಲಿ ಎಲ್ಲರೂ ಸುತ್ತುವರಿದರು. "ಕೈ ಜಾರ್ತು," ಎಂದೆ. ಅತ್ತೆ ಕೆಮ್ಮಿ ನೀರು ಉಗಿದು ನನ್ನತ್ತ ನೋಡಿದರು. ಸೀರೆ ಹಿಂಡಿಕೊಂಡು ಎದ್ದರು.

ಅಲ್ಲಿಂದ ಮುಂದೆ ಕಾಡಿನ ದಾರಿ. ಒಂದು ಕಡೆ ಆನೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಎಲ್ಲರೂ ಮಾತು ನಿಲ್ಲಿಸಿ ಗುಂಪಾಗಿ ನಡೆದರು. ನನಗೆ ಆನೆಯ ಯೋಚನೆಯೇ ಇರಲಿಲ್ಲ. ಮುಂದೆ ಹೋಗುತ್ತಿದ್ದ ಅತ್ತೆ ತಿರುಗಿದರೆ ಏನು ಹೇಳುತ್ತಾರೋ ಎಂದು ಅವರ ಒದ್ದೆ ಬೆನ್ನನ್ನೇ ನೋಡುತ್ತ ನಡೆದೆ.

ಒಂದು ಬಂಡೆಯ ನೆರಳಲ್ಲಿ ಅತ್ತೆ ಕೂತರು. ಉಳಿದವರು ಸ್ವಲ್ಪ ಮುಂದೆ ನಿಂತರು.

"ಅಮ್ಮಿ, ಕೈ ಜಾರ್ಲಿಲ್ಲ. ನೀನೇ ಬುಟ್ಟೆ."

"ಊಂ ಅತ್ತೆ."

"ಅಷ್ಟೊಂದ್ ಭಯ ಇದ್ರೆ ಮೊದ್ಲೇ ಏಳ್ಬಾರ್ದಾ? ಬ್ಯಾರೆಯವ್ರ ಕೈ ಇಡ್ಕತಿದ್ದೆ."

ಆಗ ನಾಲೆಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ಈಗೇಳಿದ್ರೆ ಏನ್ ಬಂತು," ಎಂದು ಮೊಣಕಾಲಿಗೆ ಕೈಯೂರಿ ಎದ್ದರು. "ನಡಿ, ಬಿಸ್ಲು ಏರ್ತದೆ."

ಮಾದಪ್ಪನ ಬೆಟ್ಟಕ್ಕೆ ಹತ್ತುವ ತಾಳಬೆಟ್ಟದ ಮೆಟ್ಟಿಲುಗಳಲ್ಲಿ ನಾನು ಕೈ ಚಾಚಿದಾಗ ಅವರು ಹಿಡಿಯಲಿಲ್ಲ. ಬೇಲಿಯಿಂದ ಮುರಿದ ಒಂದು ಕೋಲನ್ನು ಊರಿಕೊಂಡು ಹತ್ತಿದರು.

ಹರಕೆ ತೀರಿಸಿ ಬಸ್ಸಿನಲ್ಲಿ ಊರಿಗೆ ಬಂದ ಮೇಲೆ ಮಗನ ಎದುರು ಮುದ್ದೆ ಮುರಿಯುತ್ತ, "ನಿನ್ನ ಎಂಡ್ರು ನನ್ನ ಒಳೇಲಿ ಬುಟ್ಬುಟ್ಲು ಕಣ್ಲಾ," ಎಂದರು. ನನ್ನ ಗಂಡ ನಕ್ಕರು. ನಾನು ನಗಲಿಲ್ಲ. ನಿಜ ಎಂದೆ. ಅವರ ಕೈ ತಟ್ಟೆಯ ಮೇಲೆ ನಿಂತಿತು. ಅತ್ತೆ, "ಉಣ್ಣಪ್ಪ, ಸಾರು ಆರ್ತದೆ," ಎಂದು ತಮ್ಮ ತಟ್ಟೆಗೆ ಬಾಗಿದರು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಿಲ್ಲ.

ಈ ವರ್ಷ ಶಿವರಾತ್ರಿಗೆ ಅತ್ತೆ ಮತ್ತೆ ಬೆಟ್ಟಕ್ಕೆ ಹೊರಟರು. ನಾನು ಬರಲೇ ಎಂದು ಕೇಳಿದೆ. "ಬ್ಯಾಡ, ಮನೆ ದನ ನೋಡ್ಕೊ," ಎಂದರು. ನಾಲ್ಕನೆಯ ದಿನ ಬೆಳಗಿನಿಂದ ಜೊತೆಯವರ ಫೋನಿಗೆ ಮಾಡಿದೆ, ಮಾಡಿದೆ. ಸಿಗಲಿಲ್ಲ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಗೊತ್ತಿದ್ದೂ ಫೋನು ಕೆಳಗಿಡಲಿಲ್ಲ. ಸಂಜೆ ಯಾವುದೋ ನಂಬರಿನಿಂದ ಅವರೇ ಮಾಡಿದರು.

"ದಾಟ್ದೊ ಕಣಮ್ಮಿ. ದನಕ್ಕೆ ಉಲ್ಲಾಕ್ದಾ?"

ನನಗೆ ದನಿ ಹೊರಡಲಿಲ್ಲ. "ಅಲೋ, ಅಲೋ," ಎಂದು ಎರಡು ಸಲ ಕೂಗಿ, ಕೇಳಿಸುತ್ತಿಲ್ಲವೆಂದು ಅವರು ಫೋನು ಇಟ್ಟರು.